ಒಂದು ಕೈ ಜೇಬಿನಲ್ಲಿ

ಮ್ವೆಪು ಆಂಪ್ಲಿಫಯರನ್ನು ತಂದದ್ದು ತಳ್ಳುಗಾಡಿಯಲ್ಲಿ,
ಇದ್ದಿಲ ಮೂಟೆಗಳ ನಡುವೆ, ಮೇಲೊಂದು ದುಪ್ಪಟಿ ಹೊದಿಸಿ,
ಆಸ್ಪತ್ರೆಗೆ ಯಾರನ್ನೋ ತರುವ ಹಾಗೆ.
"ನಿನ್ನೆ ರಾತ್ರಿ ಕರೆಂಟು ಹೋಯಿತು. ಬಂತು.
ಬಂದದ್ದು ಹೆಚ್ಚಾಗಿ ಬಂತು.
ಒಂದು ಗುಟುರು, ಆಮೇಲೆ ಹೊಗೆ, ನಾನೇ ಪ್ಲಗ್ ಕಿತ್ತೆ."
ಶನಿವಾರ ಮತಂಗಾ, ಸತ್ತವರ ಮನೆಯ ಜಾಗರಣೆ.
ಲುಬುಂಬಾಶಿಯ ಈ ಕೇರಿಯಲ್ಲಿ
ಗಿಟಾರಿಲ್ಲದೆ ಯಾರನ್ನೂ ಕಳಿಸಿಕೊಡುವುದಿಲ್ಲ.

ಕಬ್ವಿಟಾ ಮೇಷ್ಟ್ರು ಮೂಗಿನಿಂದಲೇ ಶುರು ಮಾಡುವವರು.
ಬಗ್ಗಿ, ಕಣ್ಣು ಮುಚ್ಚಿ, ಮೂಸಿ:
"ಮೇಣದ ವಾಸನೆ. ಟ್ರಾನ್ಸ್‌ಫಾರ್ಮರ್ ಬೆವರಿದೆ, ಸತ್ತಿಲ್ಲ."

ಸ್ಕ್ರೂಗಳನ್ನು ಸಾರ್ಡೀನ್ ಡಬ್ಬಿಯ ಮುಚ್ಚಳದಲ್ಲಿ
ಬಿಚ್ಚಿದ ಸಾಲಿನಲ್ಲೇ ಇಟ್ಟೆ. ಈ ಅಂಗಡಿಯ ಮೊದಲ ಪಾಠ ಅದು.
ಎರಡನೆಯದು, ಪ್ಲಗ್ ಕಿತ್ತ ಮಾತ್ರಕ್ಕೆ ನಂಬಬೇಡ.
ಹೆಬ್ಬೆರಳು ದಪ್ಪದ ಕೆಪಾಸಿಟರುಗಳ ಹೊಟ್ಟೆಯಲ್ಲಿ
ನಿನ್ನೆಯದು ಇನ್ನೂ ಕೂತಿರುತ್ತದೆ ಹಲ್ಲು ಕಚ್ಚಿ,
ಜಗಳ ಮುಗಿದ ಮನೆಯಲ್ಲಿ
ಮಾತಾಡದೆ ಒಬ್ಬರು ಉಳಿದಿರುತ್ತಾರಲ್ಲ, ಹಾಗೆ.

ಮೇಷ್ಟ್ರು ಎಡಗೈಯನ್ನು ಜೇಬಿಗೆ ಇಳಿಸಿದರು.
ಎರಡೂ ಕೈ ಒಳಗಿಟ್ಟರೆ ನಡುವೆ ಸಿಗುವುದು ಎದೆ.
ಬಲಗೈಯಲ್ಲಿ ರೆಸಿಸ್ಟರ್ ಕಟ್ಟಿದ ತಂತಿ. ಮುಟ್ಟಿಸಿದರು.
ಮೀಟರಿನ ಮುಳ್ಳು ಇಳಿಯಿತು: ನೂರನಲವತ್ತು, ಅರವತ್ತು, ಒಂಬತ್ತು.
ಸೊನ್ನೆ ಕಾಣುವತನಕ ಯಾರೂ ತುಟಿ ಬಿಚ್ಚಲಿಲ್ಲ,
ಮೊಬೈಲು ಹಿಡಿದು ಬಾಗಿಲಲ್ಲಿ ನಿಂತವನೂ.

ನಾಲ್ಕು ಡಯೋಡುಗಳಲ್ಲಿ ಎರಡು ಕೆಟ್ಟಿದ್ದವು,
ಒಂದೇ ಕಡೆ ಬಿಡಬೇಕಾದ ಬಾಗಿಲುಗಳು
ಎರಡೂ ಕಡೆಗೆ ಹಾರುಹೊಡೆದು.
ಒಂದು ಕೆಪಾಸಿಟರಿನ ತಲೆ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿತ್ತು.
ಇಷ್ಟೆಲ್ಲ ಸುಟ್ಟರೂ ಫ್ಯೂಸು ಯಾಕೆ ಹೋಗಲಿಲ್ಲ?

ಹೊರತೆಗೆದೆ. ಗಾಜಿನ ಕೊಳವೆಯ ಸುತ್ತ
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ,
ಅಚ್ಚುಕಟ್ಟಾಗಿ, ಸುಕ್ಕಿಲ್ಲದೆ.
ನನಗೆ ರೇಗಿತು. "ಯಾವ ಕತ್ತೆಯ ಕೆಲಸ ಇದು?
ಸಾಯಬೇಕಾದ್ದು ಮೂರು ಕಾಸಿನ ತಂತಿ.
ಅದನ್ನು ಸಾಯಲು ಬಿಡದೆ
ಮನೆಯನ್ನೇ ಸುಡಲು ಹೊರಟವನು ಯಾರು?"
ಮ್ವೆಪು ತನ್ನ ಚಪ್ಪಲಿ ನೋಡಿಕೊಂಡ.

ಟಾರ್ಚು ಜಾರಿ ತಗಡಿನ ಒಳಗೋಡೆಯ ಮೇಲೆ ಬಿತ್ತು.
ಪೆನ್ಸಿಲಿನಲ್ಲಿ ಒಂದು ತಾರೀಕು, ಹನ್ನೊಂದು ವರ್ಷ ಹಳೆಯದು.
ಕೆಳಗೆ ಒಂದೇ ಪದ: ಕೇಶೋ. ನಾಳೆ.
ಕಾಲು ಚಾಚಿ ಕೂತ ಆ ಮೊದಲಕ್ಷರವನ್ನು
ನಾನು ದಿನಾ ನೋಡುತ್ತೇನೆ, ರಸೀದಿಗಳ ಕೆಳಗೆ.

ಮೇಷ್ಟ್ರು ಕೆಮ್ಮಿದರು.
"ಮದುವೆ ಇತ್ತು. ಜನ ಕೂತಾಗಿತ್ತು. ಊರೆಲ್ಲ ಹುಡುಕಿದರೂ
ಒಂದು ಫ್ಯೂಸು ಸಿಗಲಿಲ್ಲ. ನಾಳೆ ತಾ ಅಂದಿದ್ದೆ."
"ಚೆನ್ನಾಗೇ ಹಾಡ್ತಿತ್ತಲ್ಲ," ಅಂದ ಮ್ವೆಪು.

ಹನ್ನೊಂದು ವರ್ಷ.
ಬೆಂಕಿ ಎಷ್ಟು ರಾತ್ರಿ ಬಾಗಿಲತನಕ ಬಂದು
ಗೋಡೆಯ ಬರಹ ಓದಿ
ಸರಿ, ನಾಳೆ ಬರುತ್ತೇನೆ ಅಂತ
ಹಿಂದಿರುಗಿತ್ತೋ.

ಬೆಸುಗೆ ನಾನೇ ಹಾಕಿದೆ.
ಹೊಸ ಡಯೋಡು, ಹೊಸ ಕೆಪಾಸಿಟರು, ಹೊಸ ಗಾಜಿನ ಫ್ಯೂಸು;
ಟ್ರಾನ್ಸ್‌ಫಾರ್ಮರಿನ ತಾಮ್ರ ಮಾತ್ರ ಹಳೆಯದು,
ಈ ಜಿಲ್ಲೆಯ ಗುಂಡಿಯಿಂದಲೇ ಹೊರಟು, ಹಡಗು ಹತ್ತಿ,
ಸುರುಳಿ ಸುತ್ತಿಸಿಕೊಂಡು ವಾಪಸು ಬಂದದ್ದೇ ಇರಬೇಕು.
ನಡುವೆ ಒಂದು ನೂರು ವಾಟಿನ ಬಲ್ಬು ಸೇರಿಸಿ ಸ್ವಿಚ್ಚು ಒತ್ತಿದೆ.
ಬಲ್ಬು ಧಗ್ಗೆಂದಿತು,
ಉಸಿರು ಹಿಡಿದೆವು,
ನಿಧಾನ ಬೂದಿಯೊಳಗಿನ ಕೆಂಡದಷ್ಟಾಯಿತು.
ಕ್ಷೇಮ.
ಮ್ವೆಪು ಒಂದೇ ತಂತಿ ಮೀಟಿದ. ಎದುರಿನ ಅಂಗಡಿಯ ಮೊಟ್ಟೆ ಮಾರುವವಳು
ತಲೆ ಎತ್ತಿದಳು, ಮತ್ತೆ ಎಣಿಸತೊಡಗಿದಳು.

ದುಡ್ಡು ಬೇಡ ಅಂದರು ಮೇಷ್ಟ್ರು.
ಮೂರು ಬಿಡಿ ಫ್ಯೂಸುಗಳನ್ನು ಒಳಗೋಡೆಗೆ ಅಂಟಿಸಲು ಹೇಳಿದರು,
ಆ ಪದದ ಪಕ್ಕದಲ್ಲೇ, ಅಳಿಸದೆ.
ಪ್ಲಗ್ ಕಿತ್ತು, ಸೊನ್ನೆ ನೋಡಿ, ಸ್ಕ್ರೂ ಬಿಗಿದು,
ತಳ್ಳುಗಾಡಿ ತಿರುವಿನಲ್ಲಿ ಮರೆಯಾದ ಮೇಲೂ
ಅವರ ಎಡಗೈ
ಜೇಬಿನಿಂದ ಹೊರಗೆ ಬಂದಿರಲಿಲ್ಲ.