ಮೂವತ್ತಾರು ಡಿಗ್ರಿ ಮುಂಚೆ

ಎಲ್ ಆಲ್ತೋದಲ್ಲಿ ಆಲೂಗಡ್ಡೆ ಬೇಯುವುದೂ ತಡ.
ಸಮುದ್ರಕ್ಕಿಂತ ನಾಲ್ಕು ಸಾವಿರದ ನೂರು ಮೀಟರು ಮೇಲೆ
ಗಾಳಿಯೆಂದರೆ
ಮೂರು ಸಲ ನೀರು ಬೆರೆಸಿದ ಸಾರು.
ಉರಿ ಇಲ್ಲಿ ತೂಕಡಿಸುತ್ತ ಹರಡುತ್ತದೆ,
ಅದಕ್ಕೇ ಕಿಡಿ ಬೇಗ ಎದ್ದು ಹೊರಡಬೇಕು.
ಪಿಸ್ಟನ್ನು ಇನ್ನೂ ಮೆಟ್ಟಿಲೇರುತ್ತಿರುವಾಗಲೇ
ಮೇಲೆ ಒಲೆ ಹಚ್ಚಿರಬೇಕು.

ಗುರುವಾರ ಸಂಜೆ ರೆಂಬೆರ್ತೋನ ಫೋಕ್ಸ್‌ವ್ಯಾಗನ್ ಬಂತು.
ಆಮೆ ಅನ್ನುತ್ತೇವೆ ನಾವು ಅದನ್ನು.
ಹದಿನಾರುನೂರಿದ್ದದ್ದನ್ನು ಕೊರೆದು ಹಿಗ್ಗಿಸಿ
ಹದಿನೇಳುನೂರ ಎಪ್ಪತ್ತಾರು ಮಾಡಿಸಿದ್ದಾನೆ,
ಜೋಡಿ ಕಾರ್ಬ್ಯುರೇಟರು, ಬಿರುಸಿನ ಕ್ಯಾಮು,
ಮೈಗೆಲ್ಲ ಸಾಸಿವೆ ಹಳದಿ.
ಸಾಲ ಎಷ್ಟೆಂದು ನಾವು ಕೇಳಲಿಲ್ಲ.
ಭಾನುವಾರ ರೇಸು, ಕೆಳಗೆ, ಕರನಾವಿಯಲ್ಲಿ.

ಡಿಸ್ಟ್ರಿಬ್ಯೂಟರಿನ ಕುತ್ತಿಗೆಯ ನಟ್ಟು ಸಡಿಲಿಸಿದೆ.
ಪೂರ್ತಿ ಅಲ್ಲ,
ತಿರುಗಿಸಿದರೆ ತಿರುಗಬೇಕು, ಬಿಟ್ಟರೆ ನಿಲ್ಲಬೇಕು.
ಇಷ್ಟು ಕಲಿಯಲು ನನಗೊಂದು ಚಳಿಗಾಲ ಹಿಡಿದಿತ್ತು.
ಮೂರೂವರೆ ಸಾವಿರ ಸುತ್ತು, ತಗಡಿನ ಬಾಗಿಲು ಅದುರುತ್ತಿದೆ,
ಟೈಮಿಂಗ್ ಲೈಟು ಮಿಣಮಿಣಿಸಿದ್ದೇ ತಡ
ಗಿರ್ರನೆ ತಿರುಗುವ ಪುಲ್ಲಿ ನಿಂತುಬಿಟ್ಟಿತು.
ನಿಂತ ಹಾಗೆ ಕಂಡಿತು, ಅಷ್ಟೇ.
ನಾನು ಬಳಿದ ಬಿಳಿ ಗೆರೆ ಆ ಬೆಳಕಿನಲ್ಲಿ
ಫೋಟೋಗೆ ಕೂತ ಅಜ್ಜಿಯ ಹಾಗೆ,
ಎರಡೂ ಜಡೆ ಎದೆಯ ಮೇಲೆ ಬಿಟ್ಟುಕೊಂಡು.

ಸೆವೆರೋ ಮಾವ ಸ್ಟೂಲಿನ ಮೇಲಿಂದ ಹೇಳುತ್ತಾನೆ:
ನಮ್ಮ ಐಮಾರಾದಲ್ಲಿ ಕಳೆದದ್ದು ಕಣ್ಣ ಮುಂದೆ,
ಕಂಡಿದ್ದೇವಲ್ಲ.
ಬರುವುದು ಬೆನ್ನ ಹಿಂದೆ.
ಆಮೆಯ ಎಂಜಿನ್ನೂ ಹಿಂದೆಯೇ,
ಸರಿಯಾದ ಕಡೆಗೇ ಇಟ್ಟಿದ್ದಾರೆ ಜರ್ಮನಿಯವರು.

ಅವನ ಕಣ್ಣ ಮುಂದೆ, ಕಿಟಕಿಯಲ್ಲಿ,
ನೆತ್ತಿಗೆ ತೂತು ಬಿದ್ದ ಪಿಸ್ಟನ್ನು.
ಅದರ ಬಾಯಲ್ಲಿ ಪೆನ್ಸಿಲು ಇಡುತ್ತಾನೆ.
ಹದಿನೆಂಟು ವರ್ಷದ ಕೆಳಗೆ ಅವನೇ
ಇಲ್ಲಿಯ ಕಿಡಿಯನ್ನು ಹಾಗ್ಹಾಗೇ ಹೊತ್ತು ಕಣಿವೆಗೆ ಇಳಿದಿದ್ದ.
ಕೆಳಗೆ ಗಾಳಿ ಗಟ್ಟಿ, ಉರಿ ಚುರುಕು,
ಏರಿ ಬರುತ್ತಿದ್ದವನ ತಲೆಗೇ ಬಡಿಯಿತು.
ಬಾಣಲೆಯಲ್ಲಿ ಜೋಳ ಸಿಡಿದ ಸದ್ದು
ಕೇಳಿಸಿತ್ತಂತೆ ಮೊದಲೇ.
ರೇಡಿಯೋ ಜೋರು ಮಾಡಿದೆ, ಅನ್ನುತ್ತಾನೆ.

ಮೂವತ್ತಾರಕ್ಕೆ ನಿಲ್ಲಿಸಿದೆ.
ಇನ್ನೆರಡು ಡಿಗ್ರಿ ಕೊಡು, ಅಂದ ರೆಂಬೆರ್ತೋ.
ಕೊಡಲ್ಲ.
ದುಡ್ಡು ಕೊಡುವವನು ನಾನು.
ಪಿಸ್ಟನ್ನಿಗೂ ನೀನೇ ಕೊಡಬೇಕಾಗುತ್ತೆ.
ಮಾವ ಕೆಮ್ಮಿದ, ಅಥವಾ ನಕ್ಕ.

ಆಮೇಲೆ ಹಿಲಾರಿಯಾ ಅತ್ತೆಯ ಉಗುರುಬಣ್ಣ ಕದ್ದು
ಬಿಳಿ ಗುರುತಿನ ಪಕ್ಕದಲ್ಲೊಂದು ಕೆಂಪು ಗುರುತು ಎಳೆದೆ.
ನೋಡು, ಬಿಳಿ ಇಲ್ಲಿಗೆ, ಕೆಂಪು ಕೆಳಗಿಗೆ.
ಲಾ ಕುಂಬ್ರೆ ದಾಟಿ ಉಂದುವಾವಿಯಲ್ಲಿ
ಹುರಿದ ಮೀನು ಮಾರುವವಳ ಮುಂದೆ ನಿಲ್ಲಿಸು.
ಮೀನು ತಿನ್ನು. ಎಂಜಿನ್ನು ಆರಲಿ.
ಗಡಿಯಾರದ ಮುಳ್ಳು ಹೋಗುವ ಕಡೆಗೆ
ಒಂದು ಬೆಂಕಿಕಡ್ಡಿ ದಪ್ಪದಷ್ಟು ತಿರುಗಿಸು.
ಅಷ್ಟೇ? ಅಂದ.
ಅಷ್ಟೇ.
ಒಂದು ಕಡ್ಡಿಯ ದಪ್ಪಕ್ಕೆ ಎಷ್ಟು ಬೆಟ್ಟ ಇಳಿಯುತ್ತದೆ ಎಂದು
ಅವನಿಗೆ ಹೇಳುವುದು ಹೇಗೆ.

ಶನಿವಾರ ರಾತ್ರಿ ಫೋನು.
ತಿರುಗಿಸಿದೆಯಾ ಎಂದರೆ ಉತ್ತರವಿಲ್ಲ,
ಕೇಳು ಅಂತ ಫೋನನ್ನೇ ಎಂಜಿನ್ನಿಗೆ ಹಿಡಿದ.
ಒಂದು ಕಿವಿ ಮುಚ್ಚಿಕೊಂಡೆ.
ಅವನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ.
ಜೋಳ ಸಿಡಿಯಲಿಲ್ಲ.
ಆದರೂ ಅದರ ಹಿಂದಿನಿಂದ ಏನೋ ಒರಟಾಗಿ,
ಒಂದೇ ಸಮನೆ, ನೂರಾರು.
ನಿಲ್ಲಿಸು, ಎಂಜಿನ್ ನಿಲ್ಲಿಸು! ಕೂಗಿದೆ.
ನಿಲ್ಲಿಸಿದ.
ಸದ್ದು ನಿಲ್ಲಲಿಲ್ಲ.

ಕಪ್ಪೆ ಕಣೇ, ಅಂದ. ಹೊಳೆ ಇದೆ ಇಲ್ಲಿ.
ಮಾವನಿಗೂ ಕೇಳಿಸು ಅಂತ
ಫೋನನ್ನು ಕಿಟಕಿಯಲ್ಲಿ, ಪೆನ್ಸಿಲುಗಳ ಪಕ್ಕ ಇಟ್ಟೆ.