ಹಗ್ಗದ ಈಚೆ

ಲಡ್ಲೋ ಹತ್ತಿರದ ಹುಲ್ಲುಬಯಲು. ನನ್ನದು ಹಳದಿ ಕೋಟು,
ಕೊರಳಲ್ಲಿ ಸೀಟಿ, ಸಂಬಳ ಒಂದು ಲೋಟ ಟೀ.
ಪುಟ್ಟ ಮಣಿಕಟ್ಟಿನ ಪಟ್ಟಿಗೆ ಅಮ್ಮನ ನಂಬರು ಬರೆಯುತ್ತ
ಹೇಳಿದ್ದನ್ನೇ ಹೇಳುತ್ತೇನೆ:
ಹೊಳೆಯುವ ಹಿತ್ತಾಳೆ ಮುಟ್ಟಬೇಡ, ಸುಡುತ್ತೆ.
ಚಕ್ರ ನಿಂತಿದೆ ಅಂದರೆ ನಿದ್ದೆ ಹೋಗಿದೆ ಅಂತಲ್ಲ.
ಓಡಿಸುವವರ ಕಣ್ಣು ನಿನಗೆ ಕಾಣದಿದ್ದರೆ
ಅವರ ಪಾಲಿಗೆ ನೀನೂ ಇಲ್ಲ.

ಮಧ್ಯಾಹ್ನ ಡೋರೀನಜ್ಜಿಯ ಉಗಿ ರೋಲರ್ ಬಂತು,
ಹತ್ತು ಟನ್ನು, ಬುಸುಬುಸು.
ಆ ಸದ್ದಿಗೇ ಅಜ್ಜಿಯ ಕಿವಿ ಮಂದ.
ಹಗ್ಗದ ಬಳಿ ಆರು ವರ್ಷದ ಟ್ಯಾಮ್ಸಿನ್.
ಅಜ್ಜಿ ಬ್ರೇಕು ಹಾಕಿ ಕೈಬೀಸಿದಳು, ದಾಟು ಅಂತ.
ನಾನೂ ಬಾ ಅಂದೆ.
ಹುಡುಗಿ ಕದಲಲಿಲ್ಲ.
"ಕನ್ನಡಕದ ತುಂಬ ಮಸಿ," ಅಂದಳು,
"ಮೊದಲು ಒರೆಸಿಕೊಳ್ಳಲಿ."

ಇಡೀ ಸಾಲು ಹಿಂದೆ ನಿಂತಿತು,
ಅಜ್ಜಿ ಜೇಬಲ್ಲಿ ಕರವಸ್ತ್ರ ತಡಕುವಷ್ಟು ಹೊತ್ತು.