ಬಾವಿಗಿಂತ ಒಂದು ಪುಟ ಮೊದಲು

ವೇಳಾಪಟ್ಟಿಯಲ್ಲಿ ಈ ಇಪ್ಪತ್ತು ನಿಮಿಷ ಇಲ್ಲ.
ಹಿಟ್ಟಿನ ಡಬ್ಬಿಯ ತಳದಲ್ಲಿ ಹೆಂಗಸರು
ಮಡಚಿದ ನೋಟು ಕೂಡಿಡುವ ಹಾಗೆ ಕೂಡಿಟ್ಟೆ:
ಪ್ರಾರ್ಥನೆಯ ನಂತರದ ಭಾಷಣದಿಂದ ನಾಲ್ಕು,
ಹಾಜರಿ ಕೂಗದೆ ಕಣ್ಣಲ್ಲೇ ಎಣಿಸಿ ಮೂರು,
ಗಣಿತದ ಮ್ಯಾಗೇರಿ ಮಾಸ್ತರರಿಂದ ಐದು,
ಅದಕ್ಕೆ ಬದಲು ದಿನಾ ಅರ್ಧ ಕಪ್ಪು ಚಹಾ.
ಉಳಿದದ್ದು ನನ್ನ ಊಟದ್ದು.

ಗುಳೇದಗುಡ್ಡದ ಓಣಿಯಲ್ಲಿ ಮೌನ ಎಂಬುದು
ಅಂಗಡಿಯಲ್ಲಿ ಸಿಗದ ಸಾಮಾನು.
ಗೋಡೆಯಾಚೆ ಮಗ್ಗ, ಮಗ್ಗದಾಚೆ ಮಗ್ಗ,
ಲಾಳಿ ಹೋಯಿತು, ಲಾಳಿ ಬಂತು.
ತೊಟ್ಟಿಲಿನಿಂದಲೇ ಅದನ್ನು ಕೇಳಿದ ಮಕ್ಕಳಿಗೆ
ಮಗ್ಗ ನಿಂತರೇ ಎಚ್ಚರ.
ಕರೆಂಟು ಹೋದಾಗ ತಲೆ ಎತ್ತುತ್ತಾರೆ,
ಯಾರೋ ಹೆಸರು ಹಿಡಿದು ಕರೆದ ಹಾಗೆ.

ಮೂವತ್ತೆಂಟು ಮಕ್ಕಳು, ಪೆಟ್ಟಿಗೆಯಲ್ಲಿ ಇಪ್ಪತ್ತೊಂಬತ್ತು ಪುಸ್ತಕ,
ಮೂರಕ್ಕೆ ರಟ್ಟಿಲ್ಲ, ಒಂದಕ್ಕೆ ಕೊನೆಯಿಲ್ಲ.
ಸಿಗದವರು ಮನೆಯಿಂದ ಏನಾದರೂ ತರಲಿ ಅಂದೆ.
ಸಾವಂತ್ರಿ ಹೋದ ವರ್ಷದ ಪಂಚಾಂಗ ತಂದಳು.
ಮಾಳಿಂಗ ತಂದದ್ದು ಮಗ್ಗದ ಮೋಟಾರಿನ ಕೈಪಿಡಿ,
ಎಣ್ಣೆಯ ಕಲೆ ಸಹಿತ.
ಒದ್ದೆ ಕೈಯಲ್ಲಿ ಮುಟ್ಟಬಾರದು ಎಂಬುದನ್ನು
ಐದು ಭಾಷೆಯಲ್ಲಿ ಹೇಳುತ್ತಾರೆಂದು
ಅವನಿಗೆ ಈಗ ಗೊತ್ತು.

ಮೊದಲ ವಾರ ಯಾರೂ ಓದಲಿಲ್ಲ.
ಪುಸ್ತಕದ ಅಂಚಿನ ಮೇಲಿಂದ ನನ್ನನ್ನೇ ಓದಿದರು:
ಯಾವಾಗ ಕೇಳುತ್ತಾಳೆ ಪ್ರಶ್ನೆ?
ಕಥೆಯ ನೀತಿ ಏನು, ಬಿಟ್ಟ ಸ್ಥಳ ತುಂಬಿರಿ?
ಕೇಳಲಿಲ್ಲ.
ಕುರ್ಚಿಯಲ್ಲಿ ಕೂತು ನನ್ನದೊಂದು ಓದುತ್ತ
ನಡುವೆ ಒಮ್ಮೆ ಒಬ್ಬಳೇ ನಕ್ಕೆ.
"ಟೀಚರ್ ನಗಾಕತ್ತಾರಲೇ," ಅಂದಿತು ಹಿಂದಿನ ಸಾಲು.
ಮರುದಿನ ಆ ಪುಸ್ತಕ ಕಾಣೆ.
ಎರಡು ದಿನ ಬಿಟ್ಟು ಸಿಕ್ಕಿತು,
ನಗು ಎಲ್ಲಿದೆಯೆಂದು ಹುಡುಕಿದ ಬೆರಳ ಗುರುತು,
ಶೇಂಗಾ ಚಟ್ನಿಯ ಕೆಂಪು.

ನೀಲವ್ವ ನಾಲ್ಕು ದಿನದಿಂದ ಒಂದೇ ಪುಟದಲ್ಲಿ.
ಅಕ್ಷರ ಕೂಡುತ್ತಿಲ್ಲವೇನೋ ಎಂದು ಬಗ್ಗಿದೆ.
"ಓದೇನ್ರಿ ಟೀಚರ್, ಬಾಯಿಪಾಠನೂ ಬಂದೈತಿ.
ಹಾಳಿ ತಿರುವಿದ್ರ ಆಡಿನ ಮರಿ ಬಾವ್ಯಾಗ ಬೀಳತೈತ್ರಿ.
ಚಿತ್ರ ನೋಡೇನ್ರಿ."
ಈ ಪುಟದಲ್ಲಿ ಅದು ಇನ್ನೂ ಕಟ್ಟೆಯ ಮೇಲಿದೆ,
ಒಂದು ಕಾಲು ಎತ್ತಿ.
ಅದರಾಚೆಯ ಪುಟದಲ್ಲಿ ಏನಾಗುತ್ತದೆಂದು ನನಗೆ ಗೊತ್ತು.
ಹತ್ತೊಂಬತ್ತು ವರ್ಷ ಹೇಳುವುದೇ ನನ್ನ ಕೆಲಸ.
ಹೇಳಲಿಲ್ಲ. ನನ್ನ ಜಾಗಕ್ಕೆ ಹೋಗಿ ಕೂತೆ.

ಗಂಟೆ ಬಾರಿಸುವ ಪಾಳಿ ಈ ತಿಂಗಳು ದಸ್ತಗೀರನದು.
ಬೇವಿನ ಟೊಂಗೆಗೆ ಕಟ್ಟಿದ ರೈಲು ಹಳಿಯ ತುಂಡು.
ನಿನ್ನೆ ಅವನು ಒಂಟೆಯ ಮೇಲೆ ಎಲ್ಲೋ ಮರಳಿನಲ್ಲಿದ್ದ,
ನೀರಿನ ಚೀಲ ತೂತಾಗಿತ್ತು.
ಎರಡು ಹತ್ತು. ಎರಡು ಹದಿನೈದು.
ಇಡೀ ಸಾಲಿ ಗಂಟೆಗೆ ಕಾಯುತ್ತಿತ್ತು,
ಗಂಟೆಯವನು ನೀರಿಗೆ.
ನನ್ನ ಕೈಯಲ್ಲಿ ಗಡಿಯಾರ ಇತ್ತು.
ಇತ್ತು, ಅಷ್ಟೆ.

ಬೂದಿಹಾಳ ಹೆಡ್‌ಮಾಸ್ತರರು ಬಾಗಿಲಿಗೆ ಬಂದರು.
"ಏನ್ ನಡದೈತ್ರಿ ಇಲ್ಲೆ? ಸಪ್ಪಳನ ಇಲ್ಲ."
"ಓದಾಕತ್ತಾರ್ರಿ ಸರ."
"ಅದು ಕಾಣತೈತಿ. ಪಾಠ ಯಾರು ಮಾಡಾಕತ್ತಾರ?"
ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ಕಣ್ಣು
ಮಾಳಿಂಗನ ಹೆಗಲ ಮೇಲಿಂದ ಕೈಪಿಡಿಗೆ ಜಾರಿತು.
ಎರಡು ಸಾಲು. ಆಮೇಲೆ ಕಿಸೆಯಿಂದ ಕನ್ನಡಕ.
"ಈ ಬೆಲ್ಟ್ ನಮ್ಮನ್ಯಾಗೂ ಜಾರತೈತಲೇ,"
ಅಂದರು, ಹುಡುಗನಿಗೋ, ತಮಗೋ.
ಮಾಳಿಂಗ ಪುಟ ತಿರುವದೆ,
ಅವರು ಮುಗಿಸಲಿ ಎಂದು ಕಾದ.

ಆಮೇಲೆ ತಾವೇ ಹೋಗಿ ಬಾರಿಸಿದರು.
ಮೂರು ಹೊಡೆಯಬೇಕು. ಎರಡೇ ಕೇಳಿದವು.
ದಸ್ತಗೀರ ಬಾಯಾರಿದ ಮುಖ ಎತ್ತಿ
ಬೈಗುಳಕ್ಕೆ ಸಿದ್ಧನಾಗಿ ನೋಡಿದ.
ಬೈಯಲಿಲ್ಲ, ಹೂಜಿ ತೋರಿಸಿದೆ.

ನಾಳೆ ನೋಟೀಸು ಬರುತ್ತದೋ,
ಮೋಟಾರಿನ ಬಗ್ಗೆ ಇನ್ನೊಂದು ಪ್ರಶ್ನೆ ಬರುತ್ತದೋ.
ನೀಲವ್ವ ಖಣದ ಚೂರೊಂದನ್ನು
ಅದೇ ಪುಟಕ್ಕೆ ಸಿಕ್ಕಿಸಿ ಕೊಟ್ಟಳು.
ಪೆಟ್ಟಿಗೆ ಮುಚ್ಚಿದೆ.
ಒಳಗೆ, ಕತ್ತಲಲ್ಲಿ,
ಒಂದು ಕಾಲು ಎತ್ತಿಕೊಂಡೇ ನಿಂತಿದೆ ಮರಿ.